ಧೂಳೇಳುವ ಮೊದಲು

ಸಂಡೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಅದಿರಿನ ಲಾರಿಗಳು ರಸ್ತೆಗಿಳಿಯಲು ಇನ್ನೊಂದು ತಾಸಿದೆ. ಸುಂಕಮ್ಮ ಅಂಗಡಿಯ ನೆಲಕ್ಕೆ ನೀರು ಚಿಮುಕಿಸಿ, ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಸೆರಗು ಸಿಕ್ಕಿಸಿಕೊಂಡು ಕಂಪ್ಯೂಟರ್ ಬಿಚ್ಚುತ್ತಾರೆ. ಲಾರಿ ಓಡತೊಡಗಿದರೆ ಕೆಂಪು ಧೂಳು ಒಳಗೆ ಬಂದು ಕೂರುತ್ತದೆ. ಅದಕ್ಕೇ ಇಪ್ಪತ್ತು ವರ್ಷಗಳಿಂದ ಅವರು ಬಿಚ್ಚುವ ಕೆಲಸವನ್ನೆಲ್ಲ ನಸುಕಿನಲ್ಲೇ ಮುಗಿಸುತ್ತಾರೆ.

ಇವತ್ತು ಮೇಜಿನ ಮೇಲಿರುವುದು ಕಾವ್ಯ ಟೀಚರ್ ಅವರ ಯಂತ್ರ. ಹುಟ್ಟಿನಿಂದ ಕಣ್ಣು ಕಾಣದ ಅವರಿಗೆ ಪರದೆಯ ಅಕ್ಷರಗಳನ್ನು ಇದೇ ಕನ್ನಡದಲ್ಲಿ ಓದಿ ಹೇಳುತ್ತದೆ. ಅವರಂತೆಯೇ ಕಣ್ಣು ಕಾಣದ ನಾಲ್ವರು ಹುಡುಗಿಯರು ಅವರ ಬಳಿ ಇದನ್ನು ಕೇಳಿಯೇ ಕಲಿಯುತ್ತಾರೆ. ಆ ಹುಡುಗಿಯರಿಗೆ ಸೋಮವಾರ ಪರೀಕ್ಷೆ, ಇವತ್ತು ಶುಕ್ರವಾರ. ಸುಟ್ಟ ಮದರ್‌ಬೋರ್ಡನ್ನು ಬೇರೊಂದು ಅಂಗಡಿಯವರು ಬದಲಾಯಿಸಿಕೊಟ್ಟರು. ಅಂದಿನಿಂದ ಯಂತ್ರ ಏಳುತ್ತಿಲ್ಲ. ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದರೆ ಏಳಬಹುದು, ಆದರೆ ಓದುವ ದನಿ ಹೋಗುತ್ತದೆ. ಅದರ ಸಿ.ಡಿ. ಕಳೆದಿದೆ, ಮಾಡಿದ ಕಂಪನಿಯೂ ಮುಚ್ಚಿದೆ.

ಸುಂಕಮ್ಮ ಒಂದು ಕಾಲದಲ್ಲಿ ಗಣಿ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದವರು. ಅಲ್ಲಿ ಎಸೆದ ಕಂಪ್ಯೂಟರೊಂದನ್ನು ಮನೆಗೆ ಹೊತ್ತು ತಂದು, ಯಾವ ತಂತಿ ಎಲ್ಲಿ ಕೂತಿದೆ ಎಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡು ಬಿಚ್ಚಿದರು, ಮತ್ತೆ ಕೂಡಿಸಿದರು. ಮೂರನೇ ತಿಂಗಳಿಗೆ ಅದು ಎದ್ದಿತು. ಈಗ ವಾರಕ್ಕೆ ಆರೇಳು ಯಂತ್ರಗಳು ತೋರಣಗಲ್ಲು, ಕಂಪ್ಲಿಯಿಂದಲೂ ಬರುತ್ತವೆ.

"ಎರಡು ದಿನ ಸುಮ್ಮನ ಕಳದ್ನಿರಿ ಟೀಚರ್," ಎಂದು ಮೇಜಿನ ಪಕ್ಕ ಕೂತ ಕಾವ್ಯ ಅವರಿಗೆ ಸುಂಕಮ್ಮ ತಾವೇ ತಪ್ಪೊಪ್ಪಿಕೊಳ್ಳುತ್ತಾರೆ. "ನಮ್ಮೂರಾಗ ಏನು ಕೆಟ್ರೂ ಧೂಳಿನ ಮ್ಯಾಲ ಹಾಕೋದ್ ನೋಡ್ರಿ. ನಾನೂ ಅದನ್ನ ತಿಕ್ಕೋಂತ ಕುಂತೆ."

ಬೋರ್ಡನ್ನು ಪೂರಾ ಎತ್ತಿದಾಗ ನಿಜ ಕಾಣುತ್ತದೆ. ಹಳೆಯ ಬೋರ್ಡಿಗೆ ಆಸರೆಯಾಗಿದ್ದ ಹಿತ್ತಾಳೆಯ ಪುಟ್ಟ ತಿರುಪಿನ ಕಾಲೊಂದು ಹೊಸದರ ಅಡಿಯಲ್ಲಿ ಹಾಗೇ ಉಳಿದು, ತಾಗಬಾರದ ಕಡೆ ತಾಗಿದೆ. ಜೋಳದ ಕಾಳಿನಷ್ಟು ಲೋಹ! ಅದನ್ನು ತೆಗೆದು ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತದೆ. ಆದರೆ ಮೂರು ಸಲ ಒತ್ತಿದರೂ ಪರದೆ ಒಮ್ಮೆ ನೀಲಿಯಾಗಿ ಆರಿಹೋಗುತ್ತದೆ.

"ಮತ್ತ ಕರ್ರಗಾತ್ರಿ."

"ನನಗ ಯಾವತ್ತು ಬೆಳ್ಳಗಿತ್ತಕ್ಕಾ?" ಕಾವ್ಯ ನಗುತ್ತಾರೆ. ಬೆರಳುಗಳು ಮಾತ್ರ ಬ್ಯಾಗಿನ ಪಟ್ಟಿಯನ್ನು ಹಿಂಡುತ್ತಿವೆ. "ಫ್ಯಾನಿನ ಸದ್ದು ಜೋರಾಗಿ ಎದ್ದು ಬಿತ್ತು ನೋಡು. ಮೂರು ಸಲನೂ ಅಷ್ಟೇ ಹೊತ್ತಿಗೆ ಬಿದ್ದೈತಿ."

ಸುಂಕಮ್ಮನ ಕೈ ನಿಲ್ಲುತ್ತದೆ. ಪ್ರತಿಸಲ ಅದೇ ಜಾಗದಲ್ಲಿ ಎಡವುತ್ತಿದೆ ಎಂದರೆ ಬೋರ್ಡು ಸರಿಯಿದೆ. ಹೊಸ ಬೋರ್ಡು ಕರೆಯುವ ರೀತಿ, ವಿಂಡೋಸ್ ಇರುವ ಹಳೆಯ ಡಿಸ್ಕಿಗೆ ತಿಳಿಯುತ್ತಿಲ್ಲ. ಯಂತ್ರ ಏಳುವ ಮೊದಲೇ ಬರುವ ಸೆಟಪ್ಪಿಗೆ ಹೋಗಿ, ಇಂಗ್ಲಿಷ್ ಸಾಲುಗಳ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾರೆ. ಡಿಸ್ಕಿನ ಸಾಲು ಸಿಗುತ್ತದೆ. ಹಿಂದಿನ ಬೋರ್ಡಿನಲ್ಲಿದ್ದ ಹಳೆಯ ರೀತಿಗೆ ಬದಲಾಯಿಸಿ ಗುಂಡಿ ಒತ್ತುತ್ತಾರೆ. ಈ ಸಲ ಫ್ಯಾನಿನ ಸದ್ದು ಬೀಳುವುದಿಲ್ಲ.

"ಸ್ವಾಗತ. ಓದಲು ಸಿದ್ಧ," ಎನ್ನುತ್ತದೆ ಯಂತ್ರ.

ಕಾವ್ಯ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾರೆ. ಕೀಲಿಮಣೆ ತಡವಿ, ಪಾಠ ಉಳಿದಿದೆಯೋ ಎಂದು ತೆರೆಯುತ್ತಾರೆ. ಮನುಷ್ಯರ ಬಾಯಿಲ್ಲದ ಆ ಪೆಟ್ಟಿಗೆ, ಮೋಡ ಹೇಗೆ ಕಟ್ಟುತ್ತದೆ, ಮಳೆ ಹೇಗೆ ಸುರಿಯುತ್ತದೆ ಎಂದು ಸ್ಪಷ್ಟ ಕನ್ನಡದಲ್ಲಿ ಹೇಳತೊಡಗುತ್ತದೆ. ಇಷ್ಟು ಯಂತ್ರಗಳನ್ನು ಎಬ್ಬಿಸಿದ ಸುಂಕಮ್ಮ, ಎದ್ದ ಯಂತ್ರ ಏನು ಮಾಡುತ್ತದೆಂದು ನೋಡಲು ಎಂದೂ ಕೂತವರಲ್ಲ.

"ಜಲ್ದಿ ಕಟ್ಟಿಕೊಡಕ್ಕ, ಹುಡುಗ್ಯಾರು ಕಾಯ್ತಿರ್ತಾರ."

"ಇದು ಎಷ್ಟನೇ ಕ್ಲಾಸಿಂದ್ರಿ?"

"ಹತ್ತನೇದು."

ಸುಂಕಮ್ಮ ಸ್ಟೂಲು ಎಳೆದುಕೊಂಡು ಕೂರುತ್ತಾರೆ. "ಇದೊಂದು ಪಾಠ ಮುಗೀಲಿ ತಡೀರಿ ಟೀಚರ್. ನಾ ಏಳನೇ ಕ್ಲಾಸಿಗೆ ಸಾಲಿ ಬಿಟ್ಟಾಕಿ."