ಅಂಚಿನಾಚೆಯ ಹೆಸರು

ಗುನ್ನೆಲ್ ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದು, ಅದೂ ಬಾಯಿ ಮುಚ್ಚಿಕೊಂಡು. ಬಾಯಿ ಬಿಟ್ಟು ಹೇಳಿದ ಸುಳ್ಳಾದರೆ ಮಾರನೇ ದಿನ ಹೋಗಿ ತಪ್ಪಾಯಿತು ಅನ್ನಬಹುದು. ಹೇಳದೇ ಬಿಟ್ಟದ್ದನ್ನು ವಾಪಸು ತಗೊಳ್ಳೋದು ಹೇಗೆ, ನೀವೇ ಹೇಳಿ?

ಎನ್‌ಶೆಪಿಂಗ್ ಊರಿನ ನಮ್ಮ ಹಳದಿ ಕಟ್ಟಡದಲ್ಲಿ ಅವಳನ್ನು ಅರಿಯದವರಿರಲಿಲ್ಲ, ಅವಳ ಜೊತೆ ನೆಟ್ಟಗೆ ಹತ್ತು ಮಾತಾಡಿದವರೂ ಇರಲಿಲ್ಲ. ಹುಟ್ಟಿದ್ದು ದಾಲಾರ್ನ ಪ್ರಾಂತ್ಯದ ಕಡೆ, ರೈತರ ಮನೆಯಲ್ಲಿ. ಆರನೇ ವಯಸ್ಸಿಗೇ ಅಜ್ಜಿ ಅವಳ ಸೊಂಟಕ್ಕೆ ನೂಲಿನ ಒಂದು ತುದಿ ಕಟ್ಟಿ, ಇನ್ನೊಂದು ತುದಿಯನ್ನು ಬಾಗಿಲ ಹಿಡಿಗೆ ಬಿಗಿದು, ನಡುವೆ ನಾಲ್ಕು ಮೂಲೆಗೂ ತೂತಿದ್ದ ಮರದ ಬಿಲ್ಲೆಗಳನ್ನು ಪೋಣಿಸಿ ಕೊಟ್ಟಿದ್ದಳು. ಬಿಲ್ಲೆ ತಿರುಗಿಸು, ಹೊಕ್ಕಿನ ಅಡ್ಡ ಎಳೆ ತೂರಿಸು, ಗುದ್ದು. ಮತ್ತೆ ತಿರುಗಿಸು. ಮಗ್ಗ ಬೇಡದ ನೇಯ್ಗೆ ಅದು. ಎರಡು ಬೆರಳಗಲದ ಪಟ್ಟಿ ಮೊಣಕಾಲ ಮೇಲೆ ಹಾವಿನ ಹಾಗೆ ಸುರುಳಿಯಾಗುತ್ತ ಬರುತ್ತದೆ. "ನಡುವೆ ತಪ್ಪಾದ್ರೆ ಅದೂ ಒಂದು ಹೂವು ಅಂದ್ಬಿಡಬಹುದು ಕಣೇ. ಅಂಚಲ್ಲಿ ತಪ್ಪಿದ್ಯೋ, ಊರಿಗೆಲ್ಲ ಗೊತ್ತಾಗುತ್ತೆ" ಅನ್ನುತ್ತಿದ್ದಳಂತೆ ಅಜ್ಜಿ. ಗುನ್ನೆಲ್ ಆಮೇಲೆ ಮೂವತ್ತನಾಲ್ಕು ವರ್ಷ ಆಸ್ಪತ್ರೆಯ ಹೊದಿಕೆ, ಅಂಗಿಗಳಿಗೆ ತೇಪೆ ಹಾಕುವ ಕೆಲಸ ಮಾಡಿದಳು, ಬಸ್ಸು ಓಡಿಸುತ್ತಿದ್ದ ರೂನೆಯನ್ನು ಮದುವೆಯಾದಳು, ಅವನನ್ನು ಮಣ್ಣು ಮಾಡಿದಳು. ಬಿಲ್ಲೆಗಳನ್ನು ಮಾತ್ರ ಬಿಡಲಿಲ್ಲ.

ಸಾಹಿರಾ ಸಿಕ್ಕಿದ್ದು ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ಅಲ್ಲೊಂದು ಹಲಗೆ ಇದೆ, ಮನೆಗೊಂದು ಪುಟ್ಟ ಬೀಗ. ಯಾವ ದಿನ ಬೇಕೋ ಆ ದಿನದ ತೂತಿಗೆ ನಿಮ್ಮ ಬೀಗ ಸಿಕ್ಕಿಸಿದರೆ ಯಂತ್ರ ನಿಮ್ಮದು. ಇನ್ನೊಬ್ಬರ ದಿನಕ್ಕೆ ಕೈ ಹಾಕಿದಿರೋ, ಗೋಡೆ ಮೇಲೆ ಹೆಸರಿಲ್ಲದ ಚೀಟಿ ಬೀಳುತ್ತದೆ. ನಮ್ಮ ಜನ ಎದುರಿಗೆ ನಗುತ್ತಾರೆ, ಚೀಟಿಯಲ್ಲಿ ಬೈಯುತ್ತಾರೆ, ಆ ವಿಷಯದಲ್ಲಿ ನಮ್ಮನ್ನು ಮೀರಿಸಿದವರಿಲ್ಲ! ಇರಾಕಿನ ನಜಫ್‌ನಿಂದ ಬಂದ ಸಾಹಿರಾಗೆ ಈ ಕಟ್ಟಳೆ ಯಾರು ಹೇಳಿಕೊಡಬೇಕು? ಗುರುವಾರ ಬುಟ್ಟಿ ಹೊತ್ತು ಇಳಿದ ಗುನ್ನೆಲ್‌ಗೆ ತನ್ನ ಯಂತ್ರದಲ್ಲಿ ಪರರ ಬಟ್ಟೆ ತಿರುಗುತ್ತಿರುವುದು ಕಂಡಿತು, ಪಕ್ಕದಲ್ಲಿ ಕಪ್ಪು ತಲೆವಸ್ತ್ರದ ಹೆಂಗಸು ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದಳು.

"ಯಂತ್ರ ಎರಡಿದಾವೆ. ನನಗೆ ಒಂದು ಸಾಕು" ಅಂದಳು ಗುನ್ನೆಲ್. ಅವಳ ಮಟ್ಟಿಗೆ ಅದೇ ಒಂದು ದೊಡ್ಡ ಭಾಷಣ.

ಅಲ್ಲಿಂದ ಗುರುವಾರ ಇಬ್ಬರದಾಯಿತು. ಬಟ್ಟೆ ತಿರುಗುವಷ್ಟು ಹೊತ್ತು ಮೇಲೆ ಗುನ್ನೆಲ್‌ಳ ಅಡುಗೆಮನೆಯಲ್ಲಿ ಕಾಫಿ, ಏಲಕ್ಕಿ ಬನ್ನು. ಸಾಹಿರಾ ತರುತ್ತಿದ್ದದ್ದು ಖರ್ಜೂರ ತುಂಬಿದ ಬಿಸ್ಕತ್ತು. ಐದಾರು ವರ್ಷ ದೊಡ್ಡವಳನ್ನು ಬರೀ ಹೆಸರು ಹಿಡಿದು ಕರೆಯಲು ಸಾಹಿರಾಗೆ ನಾಲಿಗೆ ಬರಲಿಲ್ಲ. "ಗುನ್ನೆಲಕ್ಕಾ" ಅಂದಳು. ಪ್ರಧಾನಮಂತ್ರಿಯನ್ನೂ ಹೆಸರು ಹಿಡಿದೇ ಕರೆಯುವ ಊರು ನಮ್ಮದು. ಗುನ್ನೆಲ್‌ಗೆ ಮೊದಮೊದಲು ನಾಚಿಕೆಯಾಯಿತು, ಆಮೇಲೆ ಗುರುವಾರ ಯಾವಾಗ ಬರುತ್ತದೋ ಅಂತ ಕಾಯುವ ಹಾಗಾಯಿತು.

ಸಾಹಿರಾಳ ಎದೆಯಲ್ಲೊಂದು ಮುಳ್ಳಿತ್ತು. ಗಂಡ ಕಾಜಿಮ್ ನಾಲ್ಕು ವರ್ಷದ ಹಿಂದೆ ತೀರಿಕೊಂಡಿದ್ದ, ಕಾಗದಪತ್ರ ಸಕಾಲಕ್ಕೆ ಆಗದೆ ಈ ಊರಿನ ಮಣ್ಣಿಗೇ ಸೇರಿದ್ದ. ಅವಳಿಗಾದರೋ ನಜಫ್‌ನ ದೊಡ್ಡ ಸ್ಮಶಾನದಲ್ಲಿ, ಅವಳು ನಂಬಿದ ಇಮಾಮ್ ಅಲಿಯ ಸಮಾಧಿಯ ಹತ್ತಿರ, ಅಪ್ಪ ಅಮ್ಮನ ಪಕ್ಕದಲ್ಲೇ ಒಡಹುಟ್ಟಿದ ತಮ್ಮ ಒಂದು ಜಾಗ ಕಾದಿಟ್ಟಿದ್ದ.

"ಅಲ್ಲಿಗೆ ಹೋದ್ರೆ ಇವರು ಇಲ್ಲಿ ಒಬ್ಬರೇ ಆಗ್ತಾರೆ. ಇಲ್ಲಿದ್ರೆ ಅಲಿ ನನಗೆ ದೂರ ಆಗ್ತಾರೆ. ನಾನೇನ್ ಮಾಡ್ಲಿ ಅಕ್ಕಾ? ಎರಡು ಹೋಳಾಗೋಕಾಗುತ್ತಾ?" ಎಂದು ಅವಳು ಕೇಳುತ್ತಿದ್ದಳು. ಗುನ್ನೆಲ್ ಇನ್ನಷ್ಟು ಕಾಫಿ ಬಗ್ಗಿಸುತ್ತಿದ್ದಳು, ಬೇರೆ ಸಮಾಧಾನ ಅವಳಿಗೆ ಬರುತ್ತಿರಲಿಲ್ಲ.

ಆ ವರ್ಷ ವಸಂತದಲ್ಲಿ ಒಬ್ಬ ಸಂಶೋಧಕ ಗುನ್ನೆಲ್‌ಳನ್ನು ಹುಡುಕಿಕೊಂಡು ಬಂದ. ಸರೋವರದ ದ್ವೀಪವೊಂದರ ಹಳೆಯ ಗೋರಿಯಲ್ಲಿ ಸಿಕ್ಕ ಪಟ್ಟಿ, ವೈಕಿಂಗರ ಕಾಲದ್ದು, ರೇಷ್ಮೆ ಮತ್ತು ಬೆಳ್ಳಿ ತಂತಿ. ಅದರ ಪಡಿಯಚ್ಚು ನೇಯ್ದುಕೊಡಬೇಕಿತ್ತು. ಅವಳು ಸಂಗ್ರಹಾಲಯಕ್ಕೆ ಹೋಗಿ ಭೂತಗನ್ನಡಿಯಲ್ಲಿ ಆ ಕಂದು ಚೂರನ್ನು ನೋಡಿದಳು. ಸಾವಿರ ವರ್ಷದ ಹಿಂದೆ ಯಾವಳೋ ಒಬ್ಬಳು ಎಷ್ಟು ಒಪ್ಪವಾಗಿ ಗುದ್ದಿದ್ದಾಳೆ ಅಂತ ಕಣ್ಣು ತುಂಬಿ ಬಂತು.

ಸಂಶೋಧಕ ತನ್ನ ನಕ್ಷೆ ಹರಡಿದ. ಪಟ್ಟಿಯ ಮೇಲಿನ ಚೌಕುಳಿ ಗೆರೆಗಳನ್ನು ಅವನು ಒಂದು ಪಕ್ಕಕ್ಕೆ ಬೆಳೆಸಿದ್ದ. ಹಾಗೆ ಬೆಳೆಸಿದಾಗ ಅರಬ್ಬಿ ಅಕ್ಷರ ಮೂಡುತ್ತಿತ್ತು, ಅಲಿ ಅಂತ.

ಗುನ್ನೆಲ್ ಚೂರಿನ ಅಂಚಿನ ಮೇಲೆ ಬೆರಳು ತೋರಿಸಿದಳು. "ಹೊಕ್ಕು ಇಲ್ಲಿ ತಿರುಗಿ ಒಳಗೆ ಹೋಗಿದೆ. ಪಟ್ಟಿ ಇಲ್ಲಿಗೆ ಮುಗೀತು. ಇದರಾಚೆ ಏನೂ ಇರಲಿಲ್ಲ."

"ಆ ಭಾಗ ಸವೆದುಹೋಗಿರಬಹುದು. ಇದು ನನ್ನ ಊಹೆ ಅಷ್ಟೇ" ಅಂದ ಅವನು. ಮೋಸಗಾರನಲ್ಲ ಪಾಪ, ಕಂಡದ್ದರ ಮೇಲೆ ಆಸೆ ಜಾಸ್ತಿಯಾಗಿತ್ತು. ಇಷ್ಟು ಓದಿದವನ ಮುಂದೆ ತೇಪೆ ಹಾಕುವವಳದೇನು ಅಂದುಕೊಂಡು ಗುನ್ನೆಲ್ ಸುಮ್ಮನಾದಳು, ಅವನ ನಕ್ಷೆಯ ಪ್ರಕಾರವೇ ಅಗಲ ಪಟ್ಟಿ ನೇಯ್ದುಕೊಟ್ಟಳು.

ಶರತ್ಕಾಲದಲ್ಲಿ ಅದು ಪತ್ರಿಕೆಯಲ್ಲಿ ಬಂತು, ದೊಡ್ಡ ಚಿತ್ರ ಸಮೇತ. ಗುರುವಾರ ಸಾಹಿರಾ ಬಟ್ಟೆಬುಟ್ಟಿ ಮರೆತು ಪತ್ರಿಕೆ ಹಿಡಿದು ಓಡಿ ಬಂದಳು. ಅವಳ ಮುಖ ನೋಡಿದರೆ ಮದುವಣಗಿತ್ತಿ ಅನ್ನಬೇಕು.

"ನೋಡಿದ್ಯಾ ಅಕ್ಕಾ! ಅಲಿಯವರ ಹೆಸರು ಈ ಮಣ್ಣಲ್ಲಿ ಸಾವಿರ ವರ್ಷದಿಂದ ಇದೆ! ನಾನು ಹುಚ್ಚಿ, ಕಾಜಿಮ್‌ನ ಪರದೇಶದಲ್ಲಿ ಬಿಟ್ಟೆ ಅಂತ ಅಳ್ತಿದ್ನಲ್ಲ. ಇದು ಪರದೇಶ ಅಲ್ವೇ ಅಲ್ಲ. ಅದೂ ನೇಯ್ದಿದ್ದು ಯಾರು? ನನ್ನಕ್ಕ!" ಅಂದವಳೇ ಗುನ್ನೆಲ್‌ಳ ಒರಟು ಕೈಗಳನ್ನು ಹಿಡಿದು ಮುತ್ತಿಟ್ಟಳು.

ಗುನ್ನೆಲ್ ಬಾಯಿ ತೆರೆದಳು, ಮುಚ್ಚಿದಳು. ಪರಿಚಯವಾದಾಗಿನಿಂದ ಈ ಹೆಂಗಸು ಹೀಗೆ ನಕ್ಕಿದ್ದು ಕಂಡಿರಲಿಲ್ಲ. ಬರೀ ಒಂದು ಅಂಚಿನ ಮಾತಿಗೆ ಆ ನಗುವನ್ನು ಆರಿಸುವುದೇ? ಯಾರಿಗೇನು ನಷ್ಟ?

ನಷ್ಟ ಅಲ್ಲೇ, ಅವಳ ಕಣ್ಣೆದುರೇ ನಡೆಯಿತು. ಸಾಹಿರಾ ಅದೇ ಮೇಜಿನ ಮುಂದೆ ಕೂತು ನಜಫ್‌ಗೆ ಫೋನ್ ಹಚ್ಚಿ ಗಟ್ಟಿಯಾಗಿ ಏನೇನೋ ಹೇಳಿದಳು, ಕಣ್ಣೊರೆಸಿಕೊಂಡಳು. ಫೋನ್ ಇಟ್ಟ ಮೇಲೆ ಹೇಳಿದಳು, "ತಮ್ಮನಿಗೆ ಹೇಳ್ಬಿಟ್ಟೆ. ನನ್ನ ಜಾಗ ಚಿಕ್ಕಮ್ಮನ ಮಗನಿಗೆ ಕೊಡು ಅಂತ. ಅವನು ಇವತ್ತೋ ನಾಳೆಯೋ ಅನ್ನೋ ಹಾಗಿದಾನೆ, ಪಾಪ. ನಾನು ಕಾಜಿಮ್ ಪಕ್ಕದಲ್ಲೇ ಇರ್ತೀನಿ. ಇಬ್ಬರೂ ಇಲ್ಲೇ ಇದಾರಲ್ಲ ನನಗೆ!"

ಆಗಲಾದರೂ ಹೇಳಬಹುದಿತ್ತು. ಒಂದು ನಿಮಿಷ ಸಾಕಿತ್ತು, ತಮ್ಮನಿಗೆ ಮತ್ತೆ ಫೋನ್ ಮಾಡು ಅಂದಿದ್ದರೆ ಮುಗಿಯುತ್ತಿತ್ತು. ಗುನ್ನೆಲ್ ಕಾಫಿ ಬಗ್ಗಿಸಿದಳು. ಹತ್ತು ದಿನದೊಳಗೆ ಚಿಕ್ಕಮ್ಮನ ಮಗ ಆ ಜಾಗ ತುಂಬಿದ.

ತಿಂಗಳು ಕಳೆದಿತ್ತೋ ಇಲ್ಲವೋ, ಅದೇ ಪತ್ರಿಕೆಯ ಒಳಪುಟದಲ್ಲಿ ಇನ್ನೊಬ್ಬ ತಜ್ಞೆ ಬರೆದರು. ಚೂರಿಗೆ ಎರಡೂ ಕಡೆ ಅಂಚಿದೆ, ಅಕ್ಷರದ ಅರ್ಧ ಭಾಗ ಅಂಚಿನಾಚೆ ಊಹಿಸಿ ಬರೆದದ್ದು. ಆ ಬಗೆಯ ಚೌಕ ಬರಹ ಹುಟ್ಟಿದ್ದೇ ನೂರಾರು ವರ್ಷ ಆದಮೇಲೆ. ಪಟ್ಟಿಯ ಮೇಲಿರುವುದು ಬರೀ ವಿನ್ಯಾಸ. ಸಂಶೋಧಕ ತನ್ನ ಮಾತು ಬಿಡಲಿಲ್ಲ, ವಾದ ನಡೆಯಿತು. ಓದಿದವರ ಜಗಳ, ಅವರಿಗದೇ ಊಟ.

ಸಾಹಿರಾ ಬಂದು ಬಾಗಿಲಲ್ಲೇ ನಿಂತಳು.

"ನೇಯ್ದವಳು ನೀನು. ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಮೊದಲನೇ ದಿನದಿಂದ."

"ನಾನು ತಮ್ಮನಿಗೆ ಫೋನ್ ಮಾಡಿದ್ದು ನಿನ್ನಡುಗೆಮನೇಲಿ ಕೂತು. ನೀನು ಕಾಫಿ ಬಗ್ಗಿಸ್ತಿದ್ದೆ!"

"ನೀನು ನಗ್ತಾ ಇದ್ದೆ, ಅದಕ್ಕೇ..."

"ನಾನೇನು ಮಗುವಾ, ಮಿಠಾಯಿ ಕೊಟ್ಟು ಸುಮ್ಮನಿರಿಸೋಕೆ?" ಅಂದಳು ಸಾಹಿರಾ. "ಬೈದು ಚೀಟಿ ಅಂಟಿಸೋರೇ ನಿನಗಿಂತ ವಾಸಿ, ಗುನ್ನೆಲ್."

ಅಕ್ಕಾ ಅನ್ನಲಿಲ್ಲ, ಬರೀ ಗುನ್ನೆಲ್ ಅಂದಳು. ಇಡೀ ಊರು ಕರೆಯುವ ಹಾಗೆ.

ಹಲಗೆಯ ಮೇಲೆ ಸಾಹಿರಾಳ ಬೀಗ ಸೋಮವಾರಕ್ಕೆ ಹೋಯಿತು. ಚಳಿಗಾಲವಿಡೀ ಗುನ್ನೆಲ್ ಗುರುವಾರ ಒಬ್ಬಳೇ ಇಳಿದು, ಒಂದೇ ಯಂತ್ರಕ್ಕೆ ಬಟ್ಟೆ ತುಂಬಿ, ಇನ್ನೊಂದನ್ನು ಖಾಲಿ ಬಿಡುತ್ತಿದ್ದಳು. ಹೋಗಿ ಬಾಗಿಲು ತಟ್ಟಲು ಧೈರ್ಯವಿಲ್ಲ. ಆದರೆ ದಿನವೂ ಇಳಿದು ಆ ಬೀಗ ನೋಡುವಳು. ಪ್ರತಿ ಸೋಮವಾರದ ನಂತರ ಅದು ಮುಂದಿನ ವಾರದ ತೂತಿಗೆ ಜರುಗುತ್ತಿತ್ತು. ಅಷ್ಟರಲ್ಲೇ ಅವಳಿಗೊಂದು ಸಮಾಧಾನ.

ಮಾರ್ಚಿನಲ್ಲಿ ಬೀಗ ನಿಂತುಹೋಯಿತು. ಒಂದು ವಾರ, ಎರಡು ವಾರ, ಮೂರು ವಾರ. ಕೊನೆಗೆ ಗುನ್ನೆಲ್ ಮೆಟ್ಟಿಲು ಹತ್ತಿದಳು. ಬಾಗಿಲು ತೆಗೆದದ್ದು ಪುರಸಭೆಯಿಂದ ಬಂದ ನರ್ಸ್. ಒಳಗೆ ಮಂಚದ ಮೇಲೆ ಸಾಹಿರಾ, ಅರ್ಧಕ್ಕರ್ಧ ಇಳಿದುಹೋಗಿದ್ದಳು. ಮೇದೋಜ್ಜೀರಕದ ಕ್ಯಾನ್ಸರ್, ಗೊತ್ತಾದಾಗಲೇ ಹೊತ್ತು ಮೀರಿತ್ತು.

"ಬೀಗ ಅಲ್ಲಾಡ್ಲಿಲ್ಲ ಅಂತ ಬಂದ್ಯಾ?"

"ಹೂಂ."

"ಅದಕ್ಕೆ ಮೂರು ವಾರ ಬೇಕಾಯ್ತಾ? ನಿಮ್ಮ ಜನ ಸತ್ತು ನಾರಿದ್ರೂ ಬಾಗಿಲು ತಟ್ಟಲ್ಲ."

ಗುನ್ನೆಲ್ ಮಂಚದ ಪಕ್ಕ ಮಂಡಿಯೂರಿದಳು. ಆ ವಯಸ್ಸಿಗೆ ಅದು ಸುಲಭದ ಕೆಲಸವಲ್ಲ. "ನನ್ನಿಂದ ನಿನ್ನ ಜಾಗ ಹೋಯ್ತು. ತಪ್ಪಾಯ್ತು" ಅಂದಳು.

"ಕ್ಷಮಿಸಿದೆ ಅಂತ ಸುಳ್ಳು ಹೇಳ್ಲಾ? ನಿನ್ನ ಸಂತೋಷಕ್ಕೆ?" ಸಾಹಿರಾ ಕಣ್ಣು ಮುಚ್ಚಿದಳು. "ಸಿಟ್ಟು ಇನ್ನೂ ಇದೆ. ಹೋಗು, ಚಹಾ ಮಾಡು."

ಚಹಾ ತಣ್ಣಗಾದ ಮೇಲೆ ಅವಳೇ ಮಾತೆತ್ತಿದಳು. "ಆ ಹೆಸರು ನೀನೇ ನೇಯ್ದು ಕೊಡು. ನನ್ನ ಹೆಣದ ಬಟ್ಟೆಗೆ ಕಟ್ಟೋಕೆ. ರೇಷ್ಮೆ ಬೇಡ, ಬೆಳ್ಳಿ ಬೇಡ, ಬರೀ ಹತ್ತಿ. ಹೆಸರು ಪೂರ್ತಿ ಇರಬೇಕು, ಎರಡು ಅಂಚಿನ ಒಳಗೇ. ಆಚೆ ಯಾರೂ ಗೆರೆ ಎಳೀಬಾರದು." ಒಗೆಯುವ ಕೋಣೆಯ ನಿಯಮಗಳ ಕಾಗದದ ಬೆನ್ನಿಗೆ ಅಲಿ ಅಂತ ಬರೆದುಕೊಟ್ಟಳು.

ಗುನ್ನೆಲ್ ನೂಲಿನ ತುದಿಯನ್ನು ಸಾಹಿರಾಳ ಮಂಚದ ಕಾಲಿಗೇ ಕಟ್ಟಿ, ಇನ್ನೊಂದನ್ನು ಸೊಂಟಕ್ಕೆ ಬಿಗಿದು ಕೂತಳು. ದಿನವೂ ಬೆಳಿಗ್ಗೆ ಬಂದು ನೇಯುವಳು. ಮೂರನೇ ದಿನ ಮೊದಲ ಹೆಸರು ಮುಗಿಸಿ ಹೆಮ್ಮೆಯಿಂದ ಎತ್ತಿ ತೋರಿಸಿದಳು.

ಸಾಹಿರಾ ನೋಡಿದಳು. ನೋಡಿ ನಕ್ಕಳು, ನೋವಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ, ಹಿಂದುಮುಂದಾಗಿದೆ! ನಮ್ಮದು ಬಲದಿಂದ ಎಡಕ್ಕೆ ಕಣೇ ಅಕ್ಕಾ, ಬಿಚ್ಚು ಬಿಚ್ಚು!"

ಅಕ್ಕಾ ಅಂತ ಬಾಯಿ ತಪ್ಪಿ ಬಂತೋ, ಬೇಕಂತ ಬಂತೋ. ಗುನ್ನೆಲ್ ಕೇಳಲಿಲ್ಲ. ಕೇಳಿದರೆ ಎಲ್ಲಿ ವಾಪಸು ತಗೊಳ್ಳುತ್ತಾಳೋ ಅನ್ನುವ ಭಯ. ತಲೆ ಬಗ್ಗಿಸಿ ಎಳೆ ಎಳೆಯಾಗಿ ಬಿಚ್ಚಿದಳು, ಮತ್ತೆ ನೇಯ್ದಳು. ಎಂಟು ದಿನದ ಮೇಲೆ ಒಂದು ಬೆಳಿಗ್ಗೆ, ಬಿಲ್ಲೆಗಳು ತಿರುಗುತ್ತಿದ್ದ ಸದ್ದಿನಲ್ಲೇ ಸಾಹಿರಾಳ ಉಸಿರು ನಿಂತಿತು. ಪಟ್ಟಿ ಇನ್ನೂ ಒಂದು ಗೇಣು ಬಾಕಿ ಇತ್ತು. ಗುನ್ನೆಲ್ ಅದನ್ನು ಮಂಚದ ಕಾಲಿಂದ ಬಿಚ್ಚಿ, ಮನೆಗೆ ತಂದು, ತನ್ನ ಬಾಗಿಲ ಹಿಡಿಗೆ ಕಟ್ಟಿ, ಅಳುತ್ತ ಮುಗಿಸಿದಳು.

ಗುನ್ನೆಲ್ ಪಟ್ಟಿ ಹಿಡಿದು ಹೋದಾಗ ಹೆಣ ತೊಳೆಯುವ ಕೋಣೆಗೆ ಮಸೀದಿಯ ಕಡೆಯ ಒಬ್ಬ ಹೆಂಗಸು ಬಂದಿದ್ದಳು. ನೀರು ಹಾಕಿ, ಬಿಳಿ ಬಟ್ಟೆ ಸುತ್ತಿದ ಮೇಲೆ ಅವಳು ಪಟ್ಟಿ ಕೈಗೆ ತೆಗೆದುಕೊಂಡಳು, ಹೆಸರು ಓದಿದಳು. ಮುಖ ಅರಳಿತು, ಅವತ್ತು ಸಾಹಿರಾಳ ಮುಖ ಅರಳಿದ್ದ ಹಾಗೆಯೇ.

"ಇದು ಪೇಪರಲ್ಲಿ ಬಂದಿತ್ತಲ್ಲ ಅದೇ ಅಲ್ವಾ? ಸಾವಿರ ವರ್ಷದ ಹಿಂದೆ ಇಲ್ಲಿಯವರ ಗೋರೀಲಿ ಸಿಕ್ಕಿದ್ದು? ಎಂಥಾ ಪುಣ್ಯವಂತೆ ನೋಡಿ ಇವಳು!"

ಹೂಂ ಅಂದುಬಿಟ್ಟರೆ ಆಗಿತ್ತು, ಸುಮ್ಮನಿದ್ದರೂ ಆಗಿತ್ತು.

"ಅಲ್ಲಮ್ಮ, ಅದರಲ್ಲಿ ಹೆಸರಿರಲಿಲ್ಲ" ಅಂದಳು ಗುನ್ನೆಲ್. "ಅಂಚು ನೋಡಿದವಳು ನಾನೇ. ಇದು ನಿನ್ನೆ ಮುಗಿಸಿದ್ದು, ನಾನು ನೇಯ್ದದ್ದು. ಇದರಲ್ಲಿ ಹೆಸರು ಪೂರ್ತಿ ಇದೆ. ಬೇಕಾದ್ರೆ ಮುಟ್ಟಿ ನೋಡಿ."

ಆ ಹೆಂಗಸಿನ ಮುಖದ ಬೆಳಕು ಆರಿತು. ಪಟ್ಟಿಯ ಎರಡೂ ಅಂಚಿನ ಮೇಲೆ ಬೆರಳಾಡಿಸಿ, ಸಾಹಿರಾಳ ಎದೆಯ ಮೇಲೆ ಸುತ್ತಿ ಗಂಟು ಹಾಕಿದಳು.

ಅಷ್ಟು ಮಾತಾಡಲು ಗುನ್ನೆಲ್‌ಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಅದನ್ನು ಕೇಳಬೇಕಾಗಿದ್ದವಳು ಅಲ್ಲೇ, ಕೈಗೆಟಕುವ ದೂರದಲ್ಲಿ, ಬಿಳಿ ಬಟ್ಟೆಯೊಳಗೆ ಮಲಗಿದ್ದಳು.