ಕಾಲಿನ ಅಂಜಿಕೆ ಬಿಡಿಸಿದ ವಸ್ತಾದರು

ಮೊನ್ನೆ ಪುಣೆಯ ಬಿಬವೇವಾಡಿಯ ಅಂಗಡಿಯೊಂದರಲ್ಲಿ ಹರಳೆಣ್ಣೆ ಡಬ್ಬಿಯ ಮುಚ್ಚಳ ತೆಗೆದರು. ಆ ವಾಸನೆಗೆ ನಲವತ್ತು ವರ್ಷದ ಹಿಂದಿನ ಗರಡಿ ಕಣ್ಣೆದುರು ನಿಂತಿತು... ಕೆಂಪು ಮಣ್ಣು, ಮಲ್ಲಗಂಬ, ಕುಸ್ತಿ ಕಲಿಸುವ ವಸ್ತಾದರು.

ನಾನು ಮೂರನೇ ಇಯತ್ತೆಗೇ ಶಾಲೆ ಬಿಟ್ಟವನು. ಯಾದಗಿರಿ ಕಡೆಯಿಂದ ಪುಣೆಗೆ ಬಂದು ಗೋಡೆ ಕಟ್ಟುವ ಗೌಂಡಿ ಕೆಲಸ ಕಲಿತೆ. ಯಾರ ಮುಂದೆಯೂ ಕೈ ಚಾಚಿದವನಲ್ಲ. ಅಲ್ಲಿನ ಹಡಪಸರದ ಕಟ್ಟಡವೊಂದರಲ್ಲಿ ನಾವು ನಿಂತಿದ್ದ ಪರಾಂಚಿ, ಅಂದರೆ ಬಿದಿರಿನ ಅಟ್ಟಣಿಗೆ, ಕುಸಿಯಿತು. ಪಕ್ಕದಲ್ಲೇ ಗೋಡೆಗೆ ಗಾರೆ ಬಳಿದು ಗಿಲಾವು ಮಾಡುತ್ತಿದ್ದ ಗೆಳೆಯ ಕೆಳಗೆ ಬಿದ್ದು ಸತ್ತ. ನಾನು ಹಗ್ಗಕ್ಕೆ ಜೋತುಬಿದ್ದು ಉಳಿದೆ. ಮೈಮೇಲೆ ಒಂದು ಗಾಯವಿಲ್ಲ, ಆದರೆ ಆಮೇಲೆ ಏಣಿಯ ಎರಡನೇ ಮೆಟ್ಟಿಲಿಗೇ ಮೊಣಕಾಲು ಗಡಗಡ. ಮೇಲೆ ಏರದ ಗೌಂಡಿಗೆ ಕೆಲಸ ಯಾರು ಕೊಡುತ್ತಾರೆ?

ನಾವಿದ್ದ ಸಾಲುಮನೆಗಳ ಚಾಳಿನ ಹಿಂದೆಯೇ ಗರಡಿ. ವಸ್ತಾದರು ಬೆಳಗಾವಿ ಕಡೆಯವರು. ನಾನು ಹಗ್ಗ ಹಿಡಿದು ಉಳಿದ ಸುದ್ದಿ ಅವರಿಗೂ ಮುಟ್ಟಿತ್ತು. ನೀರಿನ ನಳದ ಹತ್ತಿರ ನನ್ನ ನಡಿಗೆ ನೋಡಿ ಕರೆದರು.

"ನನಗೇನೂ ಆಗಿಲ್ರಿ," ಎಂದೆ.

"ನಿನಗ ಆಗಿಲ್ಲಪಾ, ನಿನ್ನ ಕಾಲಿಗೆ ಆಗೇದ. ಅದಿನ್ನೂ ಆ ಹಗ್ಗಕ್ಕ ಜೋತಾಡ್ಲಿಕತ್ತದ."

ಬರಿಗಾಲಲ್ಲಿ ಮಣ್ಣಿನಲ್ಲಿ ನಿಲ್ಲಿಸಿದರು. ಸೊಂಟದಿಂದ ಹಿಮ್ಮಡಿಯವರೆಗೆ ಹರಳೆಣ್ಣೆ ತಿಕ್ಕಿದರು. ಒಂದು ದಿನ ತೊಡೆ ತಿಕ್ಕುವಾಗ ಇಡೀ ಮೈ ನಡುಗತೊಡಗಿತು. ಹಲ್ಲು ಕಚ್ಚಿ ತಡೆದೆ.

"ತಡೀಬ್ಯಾಡೋ. ನೊಗಾ ಇಳಿಸಿದ ಮ್ಯಾಲ ಎತ್ತು ಮೈ ಝಾಡಿಸ್ತದಲ್ಲ, ಹಂಗ ಝಾಡಿಸಲಿ ಬಿಡು."

ಬಿಟ್ಟೆ. ಅತ್ತೆ, ಕೂಸಿನ ಹಾಗೆ. ನನ್ನ ಅಳು ಕಾಣದಿರಲೆಂದು ಅಲ್ಲಿದ್ದ ಪೈಲವಾನರನ್ನೆಲ್ಲ ಗೋಡೆ ಕಡೆ ಮುಖ ತಿರುಗಿಸಿ ಬೈಠಕ್ ಹೊಡೆಸಿದರು ವಸ್ತಾದರು.

ಆಮೇಲೆ ಮಲ್ಲಗಂಬ. ಮೊದಲು ಬರೀ ತಬ್ಬಿ ನಿಲ್ಲುವುದು. ಉಸಿರು ಹೊಟ್ಟೆಗೆ ಇಳಿದ ಮೇಲೆ ಒಂದು ಮೊಳ ಏರುವುದು. ನಡುಕ ಬಂದರೆ ಅಲ್ಲೇ ನಿಂತು, ತಣ್ಣಗಾದ ಮೇಲೆ ಇನ್ನೊಂದು ಮೊಳ... ಮಳೆಗಾಲ ಮುಗಿಯುವಾಗ ತುದಿ ಮುಟ್ಟಿದೆ. ದಸರೆ ಹೊತ್ತಿಗೆ ನಾಲ್ಕನೇ ಮಾಳಿಗೆಯ ಪರಾಂಚಿ ಮೇಲಿದ್ದೆ.

ಗುರುಪೂರ್ಣಿಮೆಗೆ ಗರಡಿಯವರೆಲ್ಲ ತೆಂಗಿನಕಾಯಿ ಇಟ್ಟು ವಸ್ತಾದರ ಕಾಲು ಮುಟ್ಟುವ ವಾಡಿಕೆ. ಪ್ರತಿ ವರ್ಷ ನನಗೂ ಹೇಳಿ ಕಳಿಸುತ್ತಿದ್ದರು. ನಾನೇನು ಪೈಲವಾನನೇ ಎಂದು ನೆಪ ಹೇಳುತ್ತಿದ್ದೆ. ಖರೆ ಅಂದರೆ, ನಾನು ಅತ್ತದ್ದು ತಿಳಿದವರ ಎದುರು ನಿಲ್ಲಲು ಮನಸ್ಸಾಗಲಿಲ್ಲ. ಕೆಲಸದ ಮೇಲೆ ಕೇಳಿದವರಿಗೆಲ್ಲ, ನನಗೆ ಅಂಜಿಕೆ ಅನ್ನುವುದೇ ಇರಲಿಲ್ಲ ಅಂದುಬಿಟ್ಟಿದ್ದೆ.

ವಸ್ತಾದರು ತೀರಿಕೊಂಡಾಗ ನಾನು ಲೋಣಾವಳಾದಲ್ಲಿ ಕೆಲಸಕ್ಕಿದ್ದೆ. ಸುದ್ದಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು...

ಈಗ ಮೊಮ್ಮಗಳು ಕೇಳುತ್ತಾಳೆ, "ಅಜ್ಜಾ, ಅಷ್ಟು ಎತ್ತರಕ್ಕ ಅಂಜಿಕಿ ಬರ್ತಿದ್ದಿಲ್ಲೇನು?"

ಬರ್ತಿತ್ತವ್ವಾ, ಭಾಳ ಬರ್ತಿತ್ತು, ಅನ್ನುತ್ತೇನೆ. ಇಷ್ಟು ಮಾತನ್ನು ವಸ್ತಾದರು ಇರುವಾಗ, ಆ ಗರಡಿಯಲ್ಲಿ ಎಲ್ಲರ ಎದುರು ಅನ್ನಬೇಕಿತ್ತು.