ಉಪಾಧ್ಯರ ಬಲಗೈ

ಕಾರಿನ ಬಾನೆಟ್ ಎತ್ತುವಾಗ ಉಪಾಧ್ಯರ ಕೈಯಲ್ಲಿ ಮಜ್ಜಿಗೆ ಕಡೆಯುವ ಕಡಗೋಲು ಇರುತ್ತಿತ್ತು. ಓಡುತ್ತಿರುವ ಇಂಜಿನ್ನಿಗೆ ಅದರ ಒಂದು ತುದಿಯನ್ನು ಒತ್ತಿ, ಇನ್ನೊಂದನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನಿಲ್ಲುತ್ತಿದ್ದರು. ನಾಸಿಕ್ ರೋಡ್ ಸ್ಟೇಷನ್ನಿನ ಟಾಂಗಾದವರು ದೂರದಿಂದ ನೋಡಿ, ಭಟ್ಟರು ಕಾರಿಗೆ ಮಂತ್ರ ಹಾಕುತ್ತಿದ್ದಾರೆ ಎಂದು ನಗುತ್ತಿದ್ದರು.

ಅವರದು ಉಡುಪಿ ಕಡೆಯ ಊರು. ಸ್ಟೇಷನ್ ಎದುರಿಗೆ ಅವರ ಸಸ್ಯಾಹಾರಿ ಹೋಟೆಲು. ಕಲಬುರಗಿಯಿಂದ ಬಂದು ರೈಲ್ವೆಯಲ್ಲಿ ಗುಮಾಸ್ತನಾಗಿದ್ದ ನಾನು ಅದರ ಅಟ್ಟದ ಕೋಣೆಯಲ್ಲಿ ಬಾಡಿಗೆಗಿದ್ದೆ. ಔರಂಗಾಬಾದಿನಲ್ಲಿ ಅವರ ಭಾವ ಇನ್ನೊಂದು ಹೋಟೆಲು ನೋಡಿಕೊಳ್ಳುತ್ತಿದ್ದರು. ಭಾವನಿಗೆ ಲೆಕ್ಕ ಬರುತ್ತಿತ್ತು, ಅಡುಗೆ ಬರುತ್ತಿರಲಿಲ್ಲ. ಉಪಾಧ್ಯರು ಹೋಗದಿದ್ದರೆ ಅಲ್ಲಿನ ಸಾಂಬಾರಿನ ಹದ ಕೆಡುತ್ತಿತ್ತು. ಅಲ್ಲಿಗೆ ಹೋದರೆ ಇಲ್ಲಿನದು ಕೆಡುತ್ತಿತ್ತು. ಸಾಂಬಾರ್ ಪುಡಿಯ ಡಬ್ಬಗಳನ್ನು ಹಿಂದಿನ ಸೀಟಿನಲ್ಲಿ ತುಂಬಿಕೊಂಡು ವಾರವಾರವೂ ಯೇವಲಾ, ವೈಜಾಪುರದ ದಾರಿ ಹಿಡಿಯುತ್ತಿದ್ದರು. "ಎರಡು ಒಲೆ, ಒಂದೇ ಕೈ. ದೇವರು ಲೆಕ್ಕ ತಪ್ಪಿದ, ಮಾರಾಯ್ರೆ" ಎನ್ನುತ್ತಿದ್ದರು. ಆ ಒಂದು ಕೈ ನಿಂತರೆ ಎರಡು ಹೋಟೆಲೂ ನಿಲ್ಲುತ್ತವೆ ಎಂಬುದು ನಮಗೆಲ್ಲ ಗೊತ್ತಿತ್ತು.

ಕಾರು ದೇವಳಾಲಿಯ ಪಾರ್ಸಿಯೊಬ್ಬರಿಂದ ಕೊಂಡದ್ದು. ಕಪ್ಪು ಬಣ್ಣದ ಹಳೆಯ ಗಾಡಿ. ಅದರ ಸ್ಟಾರ್ಟರ್ ಸತ್ತು ಎಷ್ಟೋ ಕಾಲವಾಗಿತ್ತು. ಮುಂದಿನ ತೂತಿಗೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುವಬೇಕು, ಇಲ್ಲವೇ ಇಳಿಜಾರಿನಲ್ಲಿ ಉರುಳಿಸಬೇಕು. ಆದ್ದರಿಂದ ಅವರು ಎಲ್ಲಿ ಹೋದರೂ ಮೊದಲು ಇಳಿಜಾರು ಹುಡುಕುತ್ತಿದ್ದರು. ಮನೆಯ ಮುಂದೆ ಸಮತಟ್ಟು ರಸ್ತೆಯಿದ್ದ ಸ್ನೇಹಿತರ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದರು. ಚಳಿಗಾಲದ ಬೆಳಿಗ್ಗೆ ಪ್ಲಗ್ಗುಗಳನ್ನು ಬಿಚ್ಚಿ ತಂದು ದೋಸೆಯ ಕಾವಲಿಯ ಅಂಚಿನಲ್ಲಿ ಬಿಸಿ ಮಾಡುತ್ತಿದ್ದರು.

"ಉಪಾಧ್ಯರೇ, ಇವತ್ತ ದೋಸಿಗೆ ಎಣ್ಣಿ ಬಿಟ್ಟು ಪೆಟ್ರೋಲ್ ಹಚ್ಚೀರೇನ್ರಿ?" ಎಂದು ಒಮ್ಮೆ ಕೇಳಿದೆ.

"ತಿನ್ನಿ. ನೀವಾದ್ರೂ ಬೇಗ ಸ್ಟಾರ್ಟ್ ಆಗ್ತೀರಿ" ಎಂದರು.

ಇಂಜಿನ್ನಿನ ಸದ್ದುಗಳನ್ನು ಅವರು ಅಡುಗೆಮನೆಯ ಸದ್ದುಗಳಿಂದಲೇ ಗುರುತಿಸುತ್ತಿದ್ದರು. ಪಾತ್ರೆಯ ಮುಚ್ಚಳ ಕುಣಿದಂತೆ ಟಿಕಟಿಕ ಎಂದರೆ ವಾಲ್ವು ಸಡಿಲ. ಅರೆಯಲು ಅಕ್ಕಿಯಿಲ್ಲದೆ ಕಲ್ಲಿಗೆ ಕಲ್ಲು ಬಡಿದಂತೆ ದಬದಬ ಎಂದರೆ ಒಳಗೆ ಆಯಿಲ್ ಇಲ್ಲ, ಬೇರಿಂಗ್ ಹೋಗುತ್ತಿದೆ. ಈ ಎರಡರಲ್ಲಿ ಅವರು ತಪ್ಪಿದ್ದನ್ನು ನಾನು ಕಾಣೆ. ಮೂರನೆಯ ಸದ್ದೊಂದು ಇತ್ತು. ಏರು ಹತ್ತುವಾಗ ಬಿಸಿ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಚಟಚಟ ಎನ್ನುತ್ತಿತ್ತು. ಏರಿನಲ್ಲಿ ಎಳೆತ ಹೆಚ್ಚಲೆಂದು ಅವರೇ ಕಿಡಿ ಹಂಚುವ ಡಬ್ಬಿಯನ್ನು ಒಂದಿಷ್ಟು ತಿರುಗಿಸಿದ ಮೇಲೆ ಆ ಸದ್ದು ಶುರುವಾಗಿತ್ತು. ಎಳೆತವೂ ಹೆಚ್ಚಿತ್ತು. ಇದೇನು ಹೊಸ ಸದ್ದು ಎಂದು ಕೇಳಿದ್ದಕ್ಕೆ, ಸಾಸಿವೆ ಸಿಡಿಯದೆ ಒಗ್ಗರಣೆ ಆಗುತ್ತದೆಯೇ ಎಂದು ನನ್ನನ್ನೇ ಕೇಳಿದರು. ಅಡುಗೆಯವರ ಕಿವಿಗೆ ಆ ಸಿಡಿತ ಶುಭದ ಸದ್ದು. ಅದು ತಪ್ಪಾಗಿರಬಹುದೆಂದು ಅವರಿಗೆ ಹೊಳೆಯಲೇ ಇಲ್ಲ.

ಮುಂದಿನದನ್ನು ನಾನು ಕಂಡಷ್ಟೇ ಬರೆಯುತ್ತೇನೆ.

ಖುಲ್ತಾಬಾದಿನಲ್ಲಿದ್ದ ಬೀದರ್ ಕಡೆಯ ವ್ಯಾಪಾರಿಯೊಬ್ಬರ ಮನೆಯಲ್ಲಿ ಮಗುವಿನ ತೊಟ್ಟಿಲ ಶಾಸ್ತ್ರ. ಊಟ ಉಪಾಧ್ಯರದು. ಔರಂಗಾಬಾದಿನಲ್ಲಿ ಅಡುಗೆ ಮುಗಿಸಿ, ಪಾತ್ರೆಗಳನ್ನು ಹಿಂದಿನ ಸೀಟಿಗೇರಿಸಿ ಹೊರಟೆವು. ನನಗೆ ರಜೆ, ಜೊತೆಗೆ ಹೋಗಿದ್ದೆ. ದೌಲತಾಬಾದ್ ದಾಟಿದ ಮೇಲಿನ ಘಾಟಿನಲ್ಲಿ ಹಳೆಯ ಕಲ್ಲಿನ ಬಾಗಿಲೊಂದಿದೆ. ಒಂದು ಗಾಡಿ ಹೋಗುವಷ್ಟೇ ಅಗಲ. ನಾವು ಅದರೊಳಗೆ ನುಗ್ಗಿದಾಗ ಎದುರಿನಿಂದ ಕುರಿಗಳು ಬಂದವು. ಬ್ರೇಕು ಬಿತ್ತು, ಇಂಜಿನ್ ನಿಂತಿತು. ಹಿಂದೆ ಬಸ್ಸೊಂದು ಬಂದು ನಿಂತಿತು. ಮುಂದೆ ಏರು, ಹಿಂದೆ ಬಸ್ಸು, ಎರಡೂ ಪಕ್ಕ ಕಲ್ಲು. ಬಾಗಿಲನ್ನು ಅರ್ಧ ತೆರೆದು ಮೈ ಓರೆ ಮಾಡಿಕೊಂಡು ಇಳಿದೆವು. ಬಸ್ಸಿನ ಹಾರ್ನು ಆ ಕಲ್ಲುಗಳೊಳಗೆ ತುಂಬಿಕೊಂಡು ಎದೆಗೆ ಬಡಿಯುತ್ತಿತ್ತು.

ಉಪಾಧ್ಯರು ಹ್ಯಾಂಡಲ್ ಹಾಕಿದರು. ರುಬ್ಬುವ ಗುಂಡಿನ ಗೂಟವನ್ನು ಹಿಡಿಯುವಂತೆ ಹೆಬ್ಬೆರಳನ್ನು ಸುತ್ತಿ, ಮುಷ್ಟಿ ಬಿಗಿದು ಹಿಡಿದರು. ಯಾವಾಗಲೂ ಹಾಗೆಯೇ ಹಿಡಿಯುತ್ತಿದ್ದರು. ಮೊದಲ ಸಲ ತಿರುವಿದರು, ಇಂಜಿನ್ ಕೆಮ್ಮಿತು. ಎರಡನೆಯ ಸಲ ಹ್ಯಾಂಡಲ್ ಅರ್ಧ ಸುತ್ತು ಮೇಲೆ ಬಂದು, ಒಮ್ಮೆಲೇ ಹಿಮ್ಮುಖವಾಗಿ ಹೊಡೆಯಿತು. ಒಣ ಕಟ್ಟಿಗೆ ಮುರಿದ ಸದ್ದು ಕೇಳಿಸಿತು. ಅವರು ಬಲಗೈಯನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿ ಕುಳಿತರು. ಹೆಬ್ಬೆರಳು ಇರಬಾರದ ಕಡೆಗೆ ತಿರುಗಿತ್ತು.

ಬಸ್ಸಿನ ಡ್ರೈವರ್ ಇಳಿದು ಬಂದ. ಕೈ ನೋಡಿದ. "ಅಂಗಠಾ ಬಾಹೇರ್ ಠೇವಾಯಚಾ ಹೋತಾ, ಮಾಲಕ್" ಎಂದ ಮೆಲ್ಲಗೆ. ತನ್ನ ಮುಷ್ಟಿ ಹಿಡಿದು, ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೆ ಹೊರಗಿಟ್ಟು ತೋರಿಸಿದ. ಹಾಗೆ ಹಿಡಿದಿದ್ದರೆ ಹ್ಯಾಂಡಲ್ ಕೈಯಿಂದ ಜಾರಿಹೋಗುತ್ತಿತ್ತು. ರುಬ್ಬುವ ಕಲ್ಲು ಎಂದೂ ತಿರುಗಿ ಹೊಡೆಯುವುದಿಲ್ಲ. ಉಪಾಧ್ಯರಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಅವರು ಬೆವರುತ್ತಾ ಇಂಜಿನ್ನನ್ನೇ ನೋಡುತ್ತಿದ್ದರು. ಆಮೇಲೆ ನನಗೆ ಹೇಳಿದರು: "ಕಿಡಿ ಹೊತ್ತಿಗೆ ಮೊದಲೇ ಹತ್ತುತ್ತಾ ಉಂಟು, ಹಿರೇಮಠರೇ. ಅದಕ್ಕೇ ಸಿಡಿಯುವುದು. ಅದಕ್ಕೇ ಹಿಂದೆ ಹೊಡೆಯುವುದು. ಎರಡೂ ಒಂದೇ ರೋಗ."

ಕಿಡಿಯ ಡಬ್ಬಿಯನ್ನು ಮೊದಲಿನ ಜಾಗಕ್ಕೆ ತಿರುಗಿಸಲು ಡ್ರೈವರನಿಗೆ ಅವರೇ ಕುಳಿತಲ್ಲಿಂದ ಹೇಳಿಕೊಟ್ಟರು. ಅವನು ಹ್ಯಾಂಡಲ್ ಎಳೆದ, ಇಂಜಿನ್ ಹತ್ತಿತು.

ಔರಂಗಾಬಾದಿನ ದವಾಖಾನೆಗೆ ತಿರುಗೋಣವೆಂದು ಅಂಗಲಾಚಿದೆ. ಕೂಸಿನ ಮನೆಯಲ್ಲಿ ಎಲೆ ಹಾಕಿ ಕಾಯುತ್ತಿರುತ್ತಾರೆ ಎಂದರು. ಎಡಗೈಯಿಂದ ಸ್ಟೇರಿಂಗ್ ಹಿಡಿದರು. ಅವರು ಹೇಳಿದಂತೆ ಪಕ್ಕದಲ್ಲಿ ಕುಳಿತು ನಾನು ಗೇರ್ ಹಾಕಿದೆ. ಏರು ಹತ್ತಿದೆವು, ಚಟಚಟ ಇರಲಿಲ್ಲ. ಊಟ ತಲುಪಿಸಿ ಮದ್ದಿನ ಪಟ್ಟಿ ಕಟ್ಟಿಸುವ ಹೊತ್ತಿಗೆ ಮಧ್ಯಾಹ್ನ ಕಳೆದು, ಕೈ ಮೊಣಕೈಯವರೆಗೆ ಊದಿತ್ತು.

ಮೂಳೆ ಕೂಡಿತು. ಹೆಬ್ಬೆರಳನ್ನು ಮಾತ್ರ ಮಡಚಲಾಗಲಿಲ್ಲ. ಹಿಟ್ಟಿನ ಪಾತ್ರೆ ಎತ್ತಲು ಹೋಗಿ ಬೀಳಿಸಿದರು. ಮತ್ತೆ ಎತ್ತಿದರು, ಮತ್ತೆ ಬಿತ್ತು. ನಾಸಿಕ್ ರೋಡಿನ ಹೋಟೆಲು ಬೇರೆಯವರ ಕೈಗೆ ಹೋಯಿತು.

ಕೆಲವು ವರ್ಷಗಳ ಮೇಲೆ ನನಗೆ ಸೋಲಾಪುರಕ್ಕೆ ವರ್ಗವಾದಾಗ ಹೇಳಿಹೋಗಲು ಔರಂಗಾಬಾದಿಗೆ ಹೋದೆ. ಭಾವನ ಹೋಟೆಲಿನ ಗಲ್ಲಾದಲ್ಲಿ, ಅಡುಗೆಮನೆಗೆ ಬೆನ್ನು ಹಾಕಿ ಕುಳಿತಿದ್ದರು. ಎಡಗೈಯಿಂದ ಚಿಲ್ಲರೆ ಕೊಡುತ್ತಿದ್ದರು. ಒಳಗೆ ಯಾರೋ ಪಾತ್ರೆ ತಳ ಹಿಡಿಸಿದ್ದರು. ವಾಸನೆ ನನಗೂ ಬಂತು. ಅವರು ಏಳಲಿಲ್ಲ.

ಊರಿಗೆ ಯಾವಾಗ ಹೋಗುತ್ತೀರೆಂದು ಕೇಳಿದೆ. ಕೈ ಮುರಿದದ್ದು ಊರಿನಲ್ಲಿ ಯಾರಿಗೂ ಗೊತ್ತಿಲ್ಲ ಎಂದರು. ಅವರ ಮನೆತನದ ವರ್ಷದ ಪೂಜೆಗೆ ನೈವೇದ್ಯವನ್ನು ಹಿರಿಯ ಮಗನೊಬ್ಬನೇ ಮಾಡಬೇಕು. ಕೈ ಮುರಿದಂದಿನಿಂದ, ಹೋಟೆಲು ಬಿಟ್ಟು ಬರಲಾಗದು ಎಂದು ಪ್ರತಿ ವರ್ಷವೂ ಹೇಳಿಕಳಿಸುತ್ತಿದ್ದರು.

"ಊರಿಗೆ ಹೋದರೆ ಒಲೆಯ ಮುಂದೆ ನಿಲ್ಲಿಸ್ತಾರೆ. ಎಂತ ಹೇಳುವುದು?"

"ಆದದ್ದು ಹೇಳ್ರಿ. ಅದ್ರಾಗ ನಿಮ್ಮ ತಪ್ಪೇನೈತಿ?"

"ಹೇಳಬಹುದು. ಆಮೇಲೆ ತಮ್ಮ ನಿಲ್ತಾನೆ, ಚೆನ್ನಾಗಿಯೇ ಮಾಡ್ತಾನೆ. ನಾನು ಎಲ್ಲಿ ನಿಲ್ಲುವುದು, ಹಿರೇಮಠರೇ?"

ಅಷ್ಟರಲ್ಲಿ ಗಿರಾಕಿಗಳು ಗಲ್ಲಾದ ಮುಂದೆ ಸೇರಿದರು. ಅವರು ಆ ಕಡೆ ತಿರುಗಿದರು. ನಮಸ್ಕಾರ ಹೇಳಿ ಹೊರಡೋಣವೆಂದು, ಜನ ಕರಗುವುದನ್ನು ನೋಡುತ್ತಾ ಬಾಗಿಲಲ್ಲಿ ನಿಂತೆ. ಊಟದ ಹೊತ್ತು. ಒಬ್ಬರು ಹೋದರೆ ಇನ್ನೊಬ್ಬರು ಬರುತ್ತಿದ್ದರು. ನನ್ನ ಬಸ್ಸಿನ ಹೊತ್ತಾಗುವವರೆಗೂ ಅವರಿಗೆ ತಲೆ ಎತ್ತಲಾಗಲಿಲ್ಲ.